ಹುಲಿ ಸಿಕ್ಕಿತು, ಫೋಟೋ ಯಾಕೆ ಸಿಗಲಿಲ್ಲ?

ಪ್ರಶ್ನೆ: ಅಣ್ಣಾ, ನಮ್ಮದು ತಮಿಳುನಾಡು ಗಡಿಯ ತಾಳವಾಡಿ ಪಕ್ಕದ ಊರು. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಮತ್ತು ದೂರದ್ದನ್ನು ಹತ್ತಿರ ತೋರಿಸುವ 150-600 ಎಂಎಂ ಲೆನ್ಸ್ ತಗೊಂಡೆ. ಮುದುಮಲೆಗೆ ಒಂದು ಸಲ, ಬಂಡೀಪುರಕ್ಕೆ ಮೂರು ಸಲ ಸಫಾರಿ ಹೋಗಿದ್ದೇನೆ. ಕೊನೆಯ ಸಲ ಬಂಡೀಪುರದಲ್ಲಿ ಸಂಜೆ ಹುಲಿ ಸಿಕ್ಕಿತು. ನಾಲ್ಕು ನಿಮಿಷ ನಮ್ಮ ಮುಂದೆಯೇ ಇತ್ತು. 312 ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲಾ ಮಸುಕು. ಮೂರನ್ನು ಕಳಿಸಿದ್ದೇನೆ, ನೋಡಿ. ತಪ್ಪು ಲೆನ್ಸಿನದಾ, ನನ್ನದಾ? ಕಬಿನಿಗೆ ಹೋಗಿ ಕರಿಚಿರತೆ ತೆಗೆಯುವ ಆಸೆ ಇದೆ, ದುಡ್ಡು ಕೂಡಿಡುತ್ತಿದ್ದೇನೆ. ಇನ್ನೊಂದು ವಿಷಯ. ನಮ್ಮ ಹೊಲದ ಹತ್ತಿರ ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ ಒಂದು ಚಿರತೆ ಇದೆ. ಸಂಜೆ ಅಲ್ಲೇ ಕೂತು ತೆಗೆದರೆ ಹೇಗೆ?

ಉತ್ತರ: ಅಣ್ಣಾ ಅಂತ ಕರೆದಿದ್ದೀರಿ, ಹಾಗಾಗಿ ನೇರವಾಗಿ ಹೇಳುತ್ತೇನೆ. ತಪ್ಪು ಲೆನ್ಸಿನದಲ್ಲ. ಅದಕ್ಕೆ ಸಾಕ್ಷಿ ನೀವೇ ಕಳಿಸಿದ ಮೂರನೇ ಫೋಟೋ.

ಮೂರನ್ನೂ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಮೊದಲನೆಯದರಲ್ಲಿ ಲಂಟಾನ ಅನ್ನುವ ಕಳೆಗಿಡದ ಕಡ್ಡಿಯೊಂದು ಅದರ ಸಣ್ಣ ಮುಳ್ಳು ಎಣಿಸುವಷ್ಟು ಚೆನ್ನಾಗಿ ಬಂದಿದೆ. ಹುಲಿ ಅದರ ಹಿಂದೆ ಮಂಜಿನ ಹಾಗೆ ನಿಂತಿದೆ. ಎರಡನೆಯದರಲ್ಲಿ ಒಂದೊಂದು ಮೀಸೆಯೂ ಎರಡೆರಡಾಗಿದೆ, ಒಂದರ ಕೆಳಗೆ ಇನ್ನೊಂದು ಗೆರೆ. ಅದು ಫೋಕಸ್ ತಪ್ಪಿದ್ದಲ್ಲ, ಗಾಡಿ ನಡುಗಿದ್ದು. ಮೂರನೆಯದರಲ್ಲಿ ಹುಲಿ ಬೆನ್ನು ತಿರುಗಿಸಿ ನಿಂತಿದೆ. ಮುಖ ಇಲ್ಲ. ಆದರೆ ಕಿವಿಯ ಹಿಂಬದಿಯ ಎರಡು ಬಿಳಿ ಬೊಟ್ಟು, ಕತ್ತಿನ ರೋಮ, ಬೆನ್ನ ಮೇಲೆ ಅಂಟಿದ ಒಣಹುಲ್ಲಿನ ಎಳೆ, ಎಲ್ಲಾ ಸ್ಪಷ್ಟವಾಗಿವೆ. ಅಷ್ಟು ಹೊತ್ತಿಗೆ ಡ್ರೈವರ್ ಇಂಜಿನ್ ಆಫ್ ಮಾಡಿದ್ದಿರಬೇಕು. ಹುಲಿಯೂ ಏನೋ ಸದ್ದಿಗೆ ಕಿವಿಗೊಟ್ಟು ಅಲುಗಾಡದೆ ನಿಂತಿತ್ತು, ಅಲ್ವಾ? ಅದೇ ಲೆನ್ಸು, ಅದೇ ಬೆಳಕು, ಅದೇ ಸೆಟ್ಟಿಂಗು. ಇಂಜಿನ್ ನಿಂತಿತು, ಹುಲಿ ನಿಂತಿತು, ಬದಲಾಗಿದ್ದು ಅಷ್ಟೇ.

ಮೂರು ಫೋಟೋದಲ್ಲೂ ಸೆಟ್ಟಿಂಗ್ ಒಂದೇ: 600 ಎಂಎಂ, ಎಫ್ 6.3 (ಅಪರ್ಚರ್, ಅಂದರೆ ಲೆನ್ಸಿನ ಬಾಯಿ ತೆರೆದ ಅಳತೆ), ಶಟರ್ 1/80 ಸೆಕೆಂಡ್ (ಬೆಳಕು ಒಳಗೆ ಬಿಟ್ಟ ಸಮಯ), ಐಎಸ್‌ಒ 800 (ಬೆಳಕಿಗೆ ಸೆನ್ಸರಿನ ಚುರುಕು). ಐಎಸ್‌ಒ ಜಾಸ್ತಿ ಮಾಡಿದರೆ ಫೋಟೋ ಕಾಳುಕಾಳಾಗುತ್ತದೆ ಅಂತ ಯಾರೋ ನಿಮಗೆ ಹೆದರಿಸಿದ್ದಾರೆ. ಅದಕ್ಕೇ 800ಕ್ಕೆ ಕಟ್ಟಿಹಾಕಿದ್ದೀರಿ. ಬೆಳಕು ಸಾಲದೆ ಕ್ಯಾಮೆರಾ ಶಟರ್ ಸ್ಪೀಡನ್ನು 1/80ಕ್ಕೆ ಇಳಿಸಿತು. 600 ಎಂಎಂ ಲೆನ್ಸನ್ನು ಕೈಯಲ್ಲಿ ಹಿಡಿದು, ನಡುಗುವ ಗಾಡಿಯಿಂದ, ನಡೆಯುತ್ತಿರುವ ಪ್ರಾಣಿಯನ್ನು 1/80ರಲ್ಲಿ ತೆಗೆಯಲು ಯಾರಿಂದಲೂ ಆಗುವುದಿಲ್ಲ. ಲೆನ್ಸಿನ ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆ. ಹುಲಿಯ ನಡಿಗೆಯನ್ನು ತಡೆಯುವುದಿಲ್ಲ.

ಅದೇ ಬೆಳಕಿನಲ್ಲಿ ಐಎಸ್‌ಒ 6400 ಮಾಡಿದ್ದರೆ ಶಟರ್ 1/640ಕ್ಕೆ ಏರುತ್ತಿತ್ತು. ಕಾಳು ಬರುತ್ತಿತ್ತು, ನಿಜ. ಆದರೆ ಕಾಳನ್ನು ಮನೆಯಲ್ಲಿ ಕೂತು ಸಾಫ್ಟ್‌ವೇರಿನಲ್ಲಿ ಕಡಿಮೆ ಮಾಡಬಹುದು. ಅಲುಗಾಡಿದ ಮೀಸೆಯನ್ನು ಸರಿಮಾಡುವ ದಾರಿ ಇಲ್ಲ. ಹೀಗೆ ಮಾಡಿ. ಕ್ಯಾಮೆರಾವನ್ನು ಮ್ಯಾನುಯಲ್‌ನಲ್ಲಿಡಿ, ಅಪರ್ಚರ್ ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟು, ಶಟರ್ 1/640, ಐಎಸ್‌ಒ ಆಟೋ, ಮೇಲಿನ ಮಿತಿ 6400. ತೀರಾ ಕತ್ತಲಾದರೆ 12800. ಗೇಟ್ ದಾಟುವ ಮುಂಚೆಯೇ ಇದನ್ನು ಇಟ್ಟುಕೊಂಡಿರಿ. ಹುಲಿ ಕೂತುಬಿಟ್ಟರೆ, ಇಂಜಿನ್ ಆಫ್ ಆಗಿದ್ದರೆ, ಆಗ 1/200ಕ್ಕೆ ಇಳಿಸಿ, ನಾಲ್ಕೈದರಂತೆ ಸಣ್ಣ ಸಣ್ಣ ಬರ್ಸ್ಟ್ ತೆಗೆಯಿರಿ. ಒಂದಾದರೂ ಗಟ್ಟಿಯಾಗಿ ಬರುತ್ತದೆ. ಓಡಿದರೆ 1/1000ಕ್ಕಿಂತ ಕಡಿಮೆ ಬೇಡ. ಸೆನ್ಸರಿಗೆ ಬಿದ್ದಿದ್ದನ್ನೆಲ್ಲ ಹಾಗೇ ಇಡುವ ರಾ ಫೈಲಿನಲ್ಲೇ ತೆಗೆಯಿರಿ. ನೀವು ಜೆಪೆಗ್ ಮಾತ್ರ ಇಟ್ಟಿದ್ದೀರಿ, ಅದರಲ್ಲಿ ಆಮೇಲೆ ತಿದ್ದಲು ಜಾಗ ಕಡಿಮೆ.

ಲಂಟಾನದ ಕಡ್ಡಿಯ ವಿಷಯ. ನಿಮ್ಮ ಕ್ಯಾಮೆರಾದಲ್ಲಿ ಪ್ರಾಣಿಯ ಕಣ್ಣನ್ನು ತಾನೇ ಹುಡುಕುವ ಫೋಕಸ್ ಇಲ್ಲ. ಹಾಗಾಗಿ ಎಲ್ಲಾ ಪಾಯಿಂಟ್‌ಗಳನ್ನೂ ಬಿಟ್ಟುಕೊಟ್ಟರೆ ಹತ್ತಿರ ಏನು ಸಿಗುತ್ತದೋ ಅದನ್ನೇ ಹಿಡಿಯುತ್ತದೆ. ಬಂಡೀಪುರ, ಮುದುಮಲೆ ಎರಡೂ ಕಡೆ ಹತ್ತಿರ ಸಿಗುವುದು ಲಂಟಾನವೇ. ನಡುವಿನ ಒಂದೇ ಪಾಯಿಂಟ್ ಇಟ್ಟುಕೊಳ್ಳಿ, ಚಿಕ್ಕದು. ಅದನ್ನು ಕಣ್ಣಿನ ಮೇಲಿಡಿ. ಕಣ್ಣು ಸಿಗದಿದ್ದರೆ ಹಣೆಯ ಪಟ್ಟೆಯ ಅಂಚಿನ ಮೇಲೆ. ಫೋಕಸ್ಸನ್ನು ಶಟರ್ ಬಟನ್ನಿನಿಂದ ಬಿಡಿಸಿ ಹಿಂದಿನ ಬಟನ್ನಿಗೆ ಹಾಕಿಕೊಳ್ಳಿ. ಒಂದು ಸಲ ಕಣ್ಣಿಗೆ ಫೋಕಸ್ ಕೂತ ಮೇಲೆ ಹೆಬ್ಬೆರಳು ತೆಗೆದರೆ, ಮುಂದೆ ಹುಲ್ಲು ಅಲ್ಲಾಡಿದರೂ ಅದು ಓಡಿಹೋಗುವುದಿಲ್ಲ. ಹುಲಿ ನಡೆಯಲು ಶುರುಮಾಡಿದರೆ ಹೆಬ್ಬೆರಳು ಮತ್ತೆ ಒತ್ತಿ. ಒಂದು ವಾರ ಕಷ್ಟ ಅನಿಸುತ್ತದೆ, ಆಮೇಲೆ ಕೈಗೆ ಕೂರುತ್ತದೆ.

ಇನ್ನು ಬಾಲ. ನೀವು 312ರಲ್ಲೂ 600ರಲ್ಲೇ ಇದ್ದಿರಿ ಅಂತ ನನ್ನ ಊಹೆ. ಮೊದಲೆರಡರಲ್ಲೂ ಹುಲಿಯ ಬಾಲ, ಪಾದ ಕತ್ತರಿಸಿದೆ. ಲೆಕ್ಕ ಸುಲಭ. ನಿಮ್ಮ ಕ್ಯಾಮೆರಾದ ಸೆನ್ಸರಿಗೆ, 600 ಎಂಎಂನಲ್ಲಿ, 25 ಮೀಟರ್ ದೂರದಲ್ಲಿ ಫ್ರೇಮಿನ ಅಗಲ ಸುಮಾರು ಒಂದು ಮೀಟರ್. ಅಷ್ಟರಲ್ಲಿ ಹುಲಿಯ ಮುಖ, ಎದೆ ಹಿಡಿಸುತ್ತದೆ, ಇಡೀ ಹುಲಿ ಹಿಡಿಸುವುದಿಲ್ಲ. 300ಕ್ಕೆ ಹಿಂದೆ ಬಂದರೆ ಅದೇ ದೂರಕ್ಕೆ ಎರಡು ಮೀಟರ್ ಸಿಗುತ್ತದೆ, ಬೆಳಕೂ ಸ್ವಲ್ಪ ಜಾಸ್ತಿ ಬರುತ್ತದೆ. 200ಕ್ಕೆ ಬಂದರೆ ಬಾಲದ ತುದಿ, ಅದರಾಚೆಗಿನ ಮರ, ಮರದ ಕೆಳಗಿನ ಬೆಳಕು ಎಲ್ಲಾ ಬರುತ್ತವೆ. ನಮ್ಮ ಮನೆಗಳಲ್ಲಿ ಮಾದಪ್ಪನ ಪಟ ಇರುತ್ತದಲ್ಲ, ಹುಲಿ ಏರಿ ಹೊರಟ ಪಟ, ಅದರಲ್ಲಿ ಹುಲಿಯ ಬಾಲ ಕತ್ತರಿಸಿದ್ದನ್ನು ನಾನಂತೂ ನೋಡಿಲ್ಲ. ಮೇಲೆತ್ತಿದ ಬಾಲದವರೆಗೂ ಇಡೀ ಪ್ರಾಣಿ ಇರುತ್ತದೆ. ಚಿಕ್ಕಂದಿನಿಂದ ಅದನ್ನೇ ನೋಡಿ ಬೆಳೆದವರು ನಾವು. ಕೈಗೆ ದೊಡ್ಡ ಲೆನ್ಸ್ ಬಂದ ಕೂಡಲೇ ಮುಖ ಒಂದೇ ಸಾಕು ಅನಿಸಿಬಿಡುತ್ತದೆ.

ನನಗೆ ಇಷ್ಟವಾದ ನನ್ನದೇ ಹುಲಿ ಫೋಟೋ ಒಂದಿದೆ. ಮುದುಮಲೆಯದು. ಹುಲಿ ಫ್ರೇಮಿನ ಒಂದು ಮೂಲೆಯಲ್ಲಿ ಬೆರಳಷ್ಟು ದೊಡ್ಡದಿದೆ. ಹಿಂದೆ ಇಡೀ ನೀಲಗಿರಿ ಗೋಡೆಯ ಹಾಗೆ ಎದ್ದು ನಿಂತಿದೆ. ಆ ಬೆಟ್ಟದ ಸಾಲು ನೋಡಿದವರಿಗೆ ಇದು ಯಾವ ಕಾಡು ಅಂತ ಕೇಳಬೇಕಾಗಿಲ್ಲ. ಮುಖದ ಫೋಟೋಗಳು ನನ್ನ ಹತ್ತಿರವೂ ಬೇಕಾದಷ್ಟಿವೆ. ಅವನ್ನು ಎಲ್ಲಿ ತೆಗೆದಿದ್ದು ಅಂತ ನೆನಪಿಸಿಕೊಳ್ಳಲು ನನಗೇ ತಾರೀಕು ನೋಡಬೇಕು.

ಇಷ್ಟು ಕ್ಯಾಮೆರಾದ ಮಾತು. ಆದರೆ ನಿಮ್ಮ ನಾಲ್ಕು ನಿಮಿಷ ಕೈ ತಪ್ಪಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ ಅನ್ನಿಸುತ್ತದೆ. ಹುಲಿ ಕಂಡ ಮೇಲೆ ನೀವು ಕ್ಯಾಮೆರಾ ಎತ್ತಿದಿರಿ. ಕಾಣುವುದಕ್ಕೆ ಹತ್ತು ನಿಮಿಷ ಮುಂಚೆಯೇ ಅರ್ಧ ಕೆಲಸ ಮುಗಿದಿರಬೇಕು. ಈ ವಿಷಯದಲ್ಲಿ ದೊಡ್ಡ ಊರಿನಿಂದ ಬರುವವರಿಗಿಂತ ನೀವು ಬಹಳ ಮುಂದೆ ಇದ್ದೀರಿ, ಅದನ್ನು ನೀವು ಬಳಸುತ್ತಿಲ್ಲ.

ನೀವು ರಾಗಿ, ಜೋಳದ ಹೊಲಕ್ಕೆ ರಾತ್ರಿ ಕಾವಲು ಹೋಗಿರುತ್ತೀರಿ. ತಾಳವಾಡಿ ಕಡೆ ಅಟ್ಟಣೆ ಮೇಲೆ ಮಲಗದ ಗಂಡುಮಕ್ಕಳು ಎಷ್ಟು ಜನ ಇದ್ದಾರೆ? ಕತ್ತಲಲ್ಲಿ ಕಡವೆ ಕೂಗಿದ್ದು, ಜಿಂಕೆ ಕೂಗಿದ್ದು ನಿಮ್ಮ ಕಿವಿಗೆ ಗೊತ್ತು. ಯಾವ ಕೂಗಿಗೆ ಮಗ್ಗುಲು ಬದಲಿಸಿ ಮಲಗಬೇಕು, ಯಾವ ಕೂಗಿಗೆ ಟಾರ್ಚ್ ಹಾಕಿ ಎದ್ದು ಕೂರಬೇಕು ಅಂತ ನಿಮಗೆ ಯಾರೂ ಹೇಳಿಕೊಟ್ಟಿಲ್ಲ. ಸಫಾರಿಯಲ್ಲಿ ಬೇಕಾಗಿರುವುದು ಅದೇ ಕಿವಿ.

ಜಿಂಕೆ ಸುಮ್ನೆ ಕೂಡ ಕೂಗುತ್ತದೆ. ಸೀಳುನಾಯಿಗೂ ಕೂಗುತ್ತದೆ, ಕೆಲವು ಸಲ ನಮ್ಮ ಗಾಡಿಗೂ. ಒಂದೆರಡು ಸಲ ಕೂಗಿ ನಿಲ್ಲಿಸಿದರೆ ಅದನ್ನು ಅಷ್ಟಾಗಿ ನಂಬಬೇಡಿ. ಕಡವೆ ಹಾಗಲ್ಲ. ಅದು ಬಾಲ ನೆಟ್ಟಗೆ ಮಾಡಿ, ಮುಂಗಾಲು ನೆಲಕ್ಕೆ ಬಡಿದು, ತಗಡಿಗೆ ಹೊಡೆದ ಹಾಗೆ ಒಂದೇ ಸಲ ಕೂಗುತ್ತದೆ. ಮತ್ತೆ ಅರ್ಧ ನಿಮಿಷ ಬಿಟ್ಟು ಇನ್ನೊಂದು. ಕಡವೆ ಬಿಡದೆ ಕೂಗುತ್ತಿದ್ದರೆ ಅದು ಹುಲಿಯನ್ನೋ ಚಿರತೆಯನ್ನೋ ಕಣ್ಣಾರೆ ನೋಡುತ್ತಿದೆ ಅಂತಲೇ ನಾನು ತಿಳಿಯುತ್ತೇನೆ. ಮುಸುವ ಮರದ ತುದಿಯಿಂದ ಕೆಮ್ಮಿದ ಹಾಗೆ ಕಿರುಚುತ್ತದೆ. ಅದರ ಅನುಕೂಲ ಏನೆಂದರೆ ಅದು ನೋಡುತ್ತಿರುವ ದಿಕ್ಕು ನಮಗೆ ಕಾಣುತ್ತದೆ. ಕಾಡುಕುರಿ ಅನ್ನುವ ಸಣ್ಣ ಜಿಂಕೆ ನಾಯಿ ಬೊಗಳಿದ ಹಾಗೆ ಗಂಟೆಗಟ್ಟಲೆ ಬೊಗಳಬಲ್ಲದು, ಹುಲಿ ಹೋಗಿ ಎಷ್ಟೋ ಹೊತ್ತಾದ ಮೇಲೂ. ನವಿಲನ್ನು ಲೆಕ್ಕಕ್ಕೆ ಇಡಬೇಡಿ, ಅದರ ಕಾಲದಲ್ಲಿ ಅದು ಎಲ್ಲದಕ್ಕೂ ಕೂಗುತ್ತದೆ.

ಮುಖ್ಯ ಏನೆಂದರೆ ಕೂಗು ಒಂದೇ ಜಾಗದಲ್ಲಿ ನಿಂತಿದೆಯಾ, ಮುಂದೆ ಸಾಗುತ್ತಿದೆಯಾ ಅನ್ನುವುದು. ಮೊದಲು ಎಡಗಡೆ ಕಡವೆ, ಐದು ನಿಮಿಷ ಬಿಟ್ಟು ಸ್ವಲ್ಪ ಮುಂದೆ ಜಿಂಕೆ, ಆಮೇಲೆ ಇನ್ನೂ ಮುಂದೆ ಮುಸುವ. ಆಗ ಹುಲಿ ನಡೆಯುತ್ತಿದೆ. ಎಲ್ಲಿಗೆ ಬರುತ್ತದೆ? ಬಹಳ ಸಲ ರಸ್ತೆಗೆ. ಮುಳ್ಳು, ಒಣ ಎಲೆ ಇಲ್ಲದ ಹಾದಿ ಅದರ ಪಾದಕ್ಕೂ ಹಿತ, ಸದ್ದೂ ಆಗುವುದಿಲ್ಲ, ಗಡಿಯ ಗುರುತು ಹಾಕುತ್ತಾ ಹೋಗಲು ಮರಗಳೂ ಪಕ್ಕದಲ್ಲೇ ಸಿಗುತ್ತವೆ. ಗಾಡಿ ಕೂಗಿನ ಹಿಂದೆ ಹೋಗಬಾರದು. ಅದು ಹೊರಗೆ ಬರುವ ಕಡೆ, ದೂರದಲ್ಲಿ, ಇಂಜಿನ್ ಆಫ್ ಮಾಡಿ ನಿಂತಿರಬೇಕು. ಆಗ ಹುಲಿ ನಿಮ್ಮ ಕಡೆ ನಡೆದು ಬರುತ್ತದೆ. ಹಿಂದೆ ಬಿದ್ದವರಿಗೆ ಸಿಗುವುದು ನಿಮ್ಮ ಮೂರನೇ ಫೋಟೋದ ಹಾಗೆ ಬೆನ್ನು ಮಾತ್ರ.

ಗಾಡಿ ನಮ್ಮ ಕೈಯಲ್ಲಿಲ್ಲವಲ್ಲ ಅನ್ನುತ್ತೀರಿ. ನಿಜ. ಇಲಾಖೆಯ ಬಸ್ಸಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ, ಮಕ್ಕಳು, ಚಿಪ್ಸ್ ಪೊಟ್ಟಣ. ಆದರೂ ಹೊರಡುವ ಮುಂಚೆ ಡ್ರೈವರಣ್ಣನ ಹತ್ತಿರ ಎರಡು ನಿಮಿಷ ಮಾತಾಡಿ. ಬಂಡೀಪುರದಲ್ಲಿ ಕನ್ನಡದವರೇ, ಮುದುಮಲೆಯ ಸಫಾರಿ ಹೊರಡುವ ತೆಪ್ಪಕಾಡಿನಲ್ಲಿ ತಮಿಳು. ನಿಮಗೆ ಎರಡೂ ಬರುತ್ತದೆ, ಅದೂ ನಿಮ್ಮ ಅದೃಷ್ಟ. "ಕೂಗು ಕೇಳಿದರೆ ಇಂಜಿನ್ ಆಫ್ ಮಾಡ್ತೀರಾ ಅಣ್ಣ?" ಅಂದರೆ ಸಾಕು. ದಿನಾ "ಹುಲಿ ತೋರಿಸಿ, ಹುಲಿ ತೋರಿಸಿ" ಅಂತ ಕೇಳಿಸಿಕೊಂಡು ಸಾಕಾಗಿರುವವರಿಗೆ ಈ ಮಾತು ಬೇರೆ ಥರ ಕೇಳಿಸುತ್ತದೆ.

ಬಸ್ಸಿನಲ್ಲಿ ಇಂಜಿನ್ ಓಡುತ್ತಿರುವಾಗ ಲೆನ್ಸನ್ನು ಕಿಟಕಿಯ ಕಂಬಿಗೆ ಒರಗಿಸಬೇಡಿ. ನಡುಕ ನೇರ ಲೆನ್ಸಿಗೆ ಏರುತ್ತದೆ, ನಿಮ್ಮ ಎರಡನೇ ಫೋಟೋದಲ್ಲಿ ಆಗಿದ್ದು ಅದೇ. ಮೊಣಕೈ ಪಕ್ಕೆಗೆ ಒತ್ತಿ, ಕೈಯಲ್ಲೇ ಹಿಡಿಯಿರಿ. ಇಂಜಿನ್ ನಿಂತ ಮೇಲೆ ಬೀನ್ ಬ್ಯಾಗ್ ಇಡಿ. ಅದನ್ನು ದುಡ್ಡು ಕೊಟ್ಟು ತರಬೇಡಿ. ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ಮೊಣಕಾಲಿನಿಂದ ಕೆಳಗೆ ಕತ್ತರಿಸಿ, ಒಂದು ಬಾಯಿ ಹೊಲಿದು, ಒಂದೂವರೆ ಕೆಜಿ ಹುರುಳಿ ತುಂಬಿ, ಇನ್ನೊಂದು ಬಾಯಿ ಎರಡು ಸಲ ಹೊಲಿಯಿರಿ. ಪೂರ್ತಿ ತುಂಬಬೇಡಿ, ಮುಕ್ಕಾಲು ಸಾಕು. ಲೆನ್ಸ್ ಇಟ್ಟರೆ ಅದರ ಸುತ್ತ ಕಾಳು ಸರಿದು ಮಡಿಲಲ್ಲಿ ಮಗು ಮಲಗಿದ ಹಾಗೆ ಕೂರಬೇಕು. ಹೊಲಿಗೆ ಗಟ್ಟಿ ಇರಲಿ, ಕಾಡಿನ ರಸ್ತೆಯಲ್ಲಿ ಒಂದು ಕಾಳೂ ಚೆಲ್ಲಬಾರದು.

ಅಭ್ಯಾಸಕ್ಕೆ ಸಫಾರಿ ಟಿಕೆಟ್ ಖರ್ಚು ಮಾಡಬೇಡಿ. ಸಂಜೆ ಆರರ ಹೊತ್ತಿಗೆ ನಿಮ್ಮ ಮನೆ ಹಿಂದಿನ ಹುಣಸೆ ಮರದ ಕೆಳಗೆ ಹೋಗಿ. ಕಂದು ನಾಯಿ ಒಂದು ಇದ್ದೇ ಇರುತ್ತದೆ. ಅದು ನಡೆಯುವಾಗ, ಬೇಲಿಯ ಹಿಂದಿನಿಂದ, ಕಣ್ಣಿಗೆ ಫೋಕಸ್ ಇಟ್ಟು ತೆಗೆಯಿರಿ. ಬೆಳಕು ಅಷ್ಟೇ ಕಡಿಮೆ, ಮುಂದೆ ಕಡ್ಡಿ ಅಷ್ಟೇ ಅಡ್ಡ. ಹದಿನೈದು ಸಂಜೆ ಮಾಡಿ. ನಾಯಿಯ ಮೂತಿಯ ಮೀಸೆ ಎಣಿಸುವಂತೆ ಬಂದರೆ ಹುಲಿಯದೂ ಬರುತ್ತದೆ.

ಬೆಳಕಿನ ಅಳತೆಗೂ ಮನೆಯಲ್ಲೇ ಪಾಠ ಇದೆ. ಕ್ಯಾಮೆರಾ ಕಣ್ಣಿಗೆ ಬಿದ್ದಿದ್ದನ್ನೆಲ್ಲ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಸುತ್ತ ಕತ್ತಲ ಕಾಡು, ನಡುವೆ ಬಿಸಿಲಲ್ಲಿ ಹುಲಿ ಇದ್ದರೆ, ಕಾಡನ್ನು ಬೆಳ್ಳಗೆ ಮಾಡಲು ಹೋಗಿ ಹುಲಿಯನ್ನು ಸುಟ್ಟುಬಿಡುತ್ತದೆ. ಮೊದಲು ಹೋಗುವುದು ಕಣ್ಣಿನ ಮೇಲಿನ, ಕೆನ್ನೆಯ ಬಿಳಿ. ಅಂಥ ಕಡೆ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಕ್ಯಾಮೆರಾ ಅಳೆದ ಬೆಳಕನ್ನು ನಾವು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗು) ಮೈನಸ್ ಅರ್ಧದಿಂದ ಮುಕ್ಕಾಲು ಇಡಿ. ಮೋಡ ಇದ್ದರೆ, ಹುಲಿ ನೆರಳಲ್ಲೇ ಇದ್ದರೆ ಸೊನ್ನೆಗೆ ತನ್ನಿ.

ಈಗ ಕರಿಚಿರತೆ. ಅದು ಬೇರೆ ಜಾತಿ ಅಲ್ಲ, ಚಿರತೆಯೇ. ಹುಟ್ಟಿನಿಂದಲೇ ಕಪ್ಪು ಬಣ್ಣ ಜಾಸ್ತಿ ಇರುತ್ತದೆ, ಅಷ್ಟೇ. ಓರೆ ಬಿಸಿಲು ಬಿದ್ದರೆ ಕಪ್ಪಿನ ಒಳಗೆ ಚುಕ್ಕಿಗಳೂ ಕಾಣುತ್ತವೆ. ಫ್ರೇಮ್ ತುಂಬಾ ಕಪ್ಪು ಮೈ ಇದ್ದರೆ ಕ್ಯಾಮೆರಾ ಅದನ್ನೂ ಬೂದು ಮಾಡಲು ಹೋಗಿ, ಹೊಗೆ ಹಿಡಿದ ಪಾತ್ರೆಯ ಬಣ್ಣ ಬರಿಸುತ್ತದೆ. ಇಲ್ಲಿ ಮೈನಸ್ ಒಂದರವರೆಗೂ ಹೋಗಬೇಕಾಗುತ್ತದೆ. ಜಾಸ್ತಿ ಇಳಿಸಿದರೆ ಚುಕ್ಕಿಗಳು ಕಪ್ಪಿನಲ್ಲಿ ಮುಳುಗಿಹೋಗುತ್ತವೆ. ಈ ಹದ ಓದಿದರೆ ಬರುವುದಿಲ್ಲ, ಕೈಯಿಂದಲೇ ಬರಬೇಕು. ನಿಮ್ಮಲ್ಲಿ ಕರಿ ಮೇಕೆ ಇದೆಯಾ? ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಇರುತ್ತದೆ. ಹಸಿರು ಬೇಲಿಯ ಮುಂದೆ ಸಂಜೆ ಅದನ್ನು ತೆಗೆಯಿರಿ. ಮೇಕೆಯ ಮೈ ಕಪ್ಪಾಗಿಯೂ ಇರಬೇಕು, ರೋಮದ ಹೊಳಪೂ ಕಾಣಬೇಕು.

ಕಬಿನಿಗೆ ಹೋಗಿ ಅನ್ನಲಾ? ಈ ವರ್ಷ ಬೇಡ ಅನ್ನುತ್ತೇನೆ. ಅಲ್ಲಿ ಕರಿಚಿರತೆಯ ಒಳ್ಳೆಯ ಫೋಟೋ ಇರುವವರು ಒಂದೆರಡು ಸಫಾರಿಯಲ್ಲಿ ತೆಗೆದವರಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದರ ದಾರಿ ಕಲಿತವರು. ನೀವು ಕೂಡಿಟ್ಟ ದುಡ್ಡು ಅಲ್ಲಿ ಎರಡು ದಿನಕ್ಕೆ ಖರ್ಚಾಗುತ್ತದೆ. ಅದೇ ದುಡ್ಡಿಗೆ ಬಂಡೀಪುರಕ್ಕೆ ಎಷ್ಟೋ ಸಲ ಹೋಗಬಹುದು. ಹತ್ತು ಕಾಡಿಗೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಕಾಡಿಗೆ ಹತ್ತು ಸಲ ಹೋಗುವುದು ಮೇಲು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. 2022ರ ಗಣತಿಯಲ್ಲಿ ಬಂಡೀಪುರದಲ್ಲಿ 150, ಕಬಿನಿ ಸಫಾರಿ ಇರುವ ನಾಗರಹೊಳೆಯಲ್ಲಿ 141, ಮುದುಮಲೆಯಲ್ಲಿ 114 ಹುಲಿ ಲೆಕ್ಕಕ್ಕೆ ಸಿಕ್ಕಿವೆ. ಮೂರೂ ಒಂದಕ್ಕೊಂದು ಅಂಟಿಕೊಂಡ ಕಾಡು. ಬಂಡೀಪುರಕ್ಕೂ ಮುದುಮಲೆಗೂ ನಡುವೆ ಮೋಯಾರ್ ಹೊಳೆ, ಅಷ್ಟೇ. ಹುಲಿಗೆ ಯಾವ ರಾಜ್ಯ ಅಂತ ಗೊತ್ತಿಲ್ಲ. ಆದರೆ ಸಫಾರಿಗೆ ಬಿಟ್ಟಿರುವ ಜಾಗ ಇಡೀ ಕಾಡಿನ ಒಂದು ಚೂರು ಮಾತ್ರ, ಆ ಚೂರನ್ನು ಚೆನ್ನಾಗಿ ಕಲಿಯಿರಿ.

ಕಾಲದ ವಿಷಯ. ಎಲ್ಲರೂ ಮಾರ್ಚ್, ಏಪ್ರಿಲ್ ಅನ್ನುತ್ತಾರೆ. ಎಲೆ ಉದುರಿರುತ್ತದೆ, ನೀರು ಕೆಲವೇ ಕಡೆ ಇರುತ್ತದೆ, ಹುಲಿ ಕೆರೆಗೆ ಬಂದೇ ಬರುತ್ತದೆ, ಹಿಂಬದಿ ಮೊದಲು ನೀರಿಗೆ ಇಳಿಸಿ ಕೂರುವುದನ್ನೂ ನೋಡಬಹುದು. ಸರಿ. ಆದರೆ ಒಂಬತ್ತು ಗಂಟೆಯ ಮೇಲೆ ನೆಲದಿಂದ ಬಿಸಿ ಎದ್ದು ದೂರದ್ದೆಲ್ಲ ನೀರಿನಲ್ಲಿ ನೋಡಿದ ಹಾಗೆ ಅಲ್ಲಾಡುತ್ತದೆ. ಆಗ 600 ಎಂಎಂ ಇದ್ದೂ ಪ್ರಯೋಜನ ಇಲ್ಲ, ಹತ್ತಿರದ್ದನ್ನು ಮಾತ್ರ ತೆಗೆಯಿರಿ. ನನಗೆ ಇಷ್ಟ ಏಪ್ರಿಲ್ ಕೊನೆ, ಮೇ ತಿಂಗಳು. ಎರಡು ಮೂರು ಮಳೆ ಬಿದ್ದಿರುತ್ತದೆ. ಎಲೆಯ ಮೇಲಿನ ಧೂಳು ತೊಳೆದುಹೋಗಿರುತ್ತದೆ. ಸುಟ್ಟ ನೆಲದಲ್ಲಿ ಗೇಣುದ್ದ ಹಸಿ ಹುಲ್ಲು ಬಂದಿರುತ್ತದೆ, ಲಂಟಾನ ಇನ್ನೂ ಪೂರ್ತಿ ಚಿಗುರಿರುವುದಿಲ್ಲ. ಆ ಹಸಿರಿನ ಮೇಲೆ ಹುಲಿಯ ಕೆಂಪು ಬರುವ ರೀತಿ ಬೇಸಿಗೆಯ ಕಂದು ಕಾಡಿನಲ್ಲಿ ಬರುವುದಿಲ್ಲ. ಹೋಗುವ ಮುಂಚೆ ಒಂದು ಫೋನ್ ಮಾಡಿ. ಕಾಡ್ಗಿಚ್ಚಿನ ದಿನಗಳಲ್ಲಿ ಸಫಾರಿ ನಿಲ್ಲಿಸುವುದುಂಟು. 2025ರ ನವೆಂಬರಿನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗಳಾದ ಮೇಲೆ ಬಂಡೀಪುರ, ನಾಗರಹೊಳೆ ಎರಡು ಕಡೆಯೂ ಸಫಾರಿ ನಿಲ್ಲಿಸಿದ್ದರು. ಲೆನ್ಸಿಗೆ ಬೇರೆ ಶುಲ್ಕ ಎಷ್ಟು, ಮೊಬೈಲ್ ಒಳಗೆ ಬಿಡುತ್ತಾರಾ ಅಂತಲೂ ಆಗಲೇ ಕೇಳಿಕೊಳ್ಳಿ, ನಿಯಮ ಆಗಾಗ ಬದಲಾಗುತ್ತದೆ.

ಕೊನೆಗೆ ಕ್ವಾರಿ. ಇಲ್ಲಿ ನನ್ನ ಉತ್ತರ ಒಂದೇ ಮಾತು. ಕೂರಬೇಡಿ.

ಕಾನೂನಿನ ಮಾತು ಮೊದಲು ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿರತೆಯೂ ಹುಲಿಯೂ ಮೊದಲನೇ ಪಟ್ಟಿಯಲ್ಲಿವೆ, ಅಂದರೆ ಎಲ್ಲಕ್ಕಿಂತ ಜಾಸ್ತಿ ರಕ್ಷಣೆ ಇರುವ ಪಟ್ಟಿ. ನಮ್ಮ ಸತ್ಯಮಂಗಲದ ಕಾಡು 2013ರಿಂದ ಹುಲಿ ರಕ್ಷಿತಾರಣ್ಯ. ಅದರೊಳಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಕ್ವಾರಿ ಪಟ್ಟಾ ಜಮೀನಿನಲ್ಲೇ ಇರಬಹುದು. ಆದರೂ ಬೇಡ.

ಯಾಕೆ ಅಂತ ಹೇಳುತ್ತೇನೆ. ಚಿರತೆ ಹಗಲೆಲ್ಲ ಆ ಬಂಡೆಯ ಸಂದಿಯಲ್ಲಿ ಮಲಗುತ್ತದೆ ಅಂದರೆ, ಅಲ್ಲಿ ಮನುಷ್ಯ ಬರುವುದಿಲ್ಲ ಅನ್ನುವ ನಂಬಿಕೆಯಿಂದ. ನೀವು ಎರಡು ಸಂಜೆ ಕ್ವಾರಿಯ ಅಂಚಿನಲ್ಲಿ ಕೂತರೆ ಆ ನಂಬಿಕೆ ಹೋಗುತ್ತದೆ. ಅದು ಕಾಡಿಗೇ ಹೋಗುತ್ತದೆ ಅಂತ ಏನು ಖಾತ್ರಿ? ಯಾರದೋ ಕಬ್ಬಿನ ಗದ್ದೆಗೆ ಬರಬಹುದು, ಬಾಳೆ ತೋಟಕ್ಕೆ ಬರಬಹುದು. ಮರಿ ಇದ್ದರಂತೂ ಅದು ಕೂತಲ್ಲಿಂದಲೇ ಎದ್ದು ನಿಮ್ಮ ಮೇಲೆ ಬರಬಹುದು. ನೀವು ಫೋಟೋ ಹಾಕಿದ ಮೇಲೆ ಜಾಗ ಕೇಳಿಕೊಂಡು ನಾಲ್ಕು ಬೈಕ್ ಬರುತ್ತವೆ. ಚಿರತೆಯನ್ನು ಸೆಳೆಯಲು ಒಬ್ಬರು ಕೋಳಿ ಕಟ್ಟುತ್ತಾರೆ. ಆಮೇಲೆ ನಿಮ್ಮ ಪಕ್ಕದ ಮನೆಯ ಮೇಕೆ ಹೋದಾಗ, ಊರವರ ಸಿಟ್ಟು ಪೂರ್ತಿ ಬೀಳುವುದು ಆ ಪ್ರಾಣಿಯ ಮೇಲೆ. ಬೋನು ಬರುತ್ತದೆ. ನಮ್ಮ ಕಡೆ ಇದನ್ನು ನಾನು ಒಂದಕ್ಕಿಂತ ಜಾಸ್ತಿ ಸಲ ನೋಡಿದ್ದೇನೆ, ಪ್ರತಿ ಸಲವೂ ಮನಸ್ಸಿಗೆ ನೋವಾಗಿದೆ. ಚಿರತೆ ಇರುವುದನ್ನು ಅರಣ್ಯ ಇಲಾಖೆಯವರಿಗೆ ತಿಳಿಸಿ. ಫೋಟೋ ಹಾಕುವಾಗ ಊರಿನ ಹೆಸರು ಬೇಡ, ಫೈಲಿನೊಳಗೆ ಕೂತಿರುವ ಜಾಗದ ವಿವರವನ್ನೂ ಅಳಿಸಿ. ಸಫಾರಿಯ ಫೋಟೋಗೂ ಇದೇ ಮಾತು.

ನಮ್ಮ ಕಡೆಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯ ತಡೆಗೋಡೆಯ ಮೇಲೆ ಚಿರತೆ ಕೂತಿದ್ದನ್ನು ನೀವೂ ಬಸ್ಸಿನಿಂದ ನೋಡಿರಬಹುದು. 27 ತಿರುವಿನ ರಸ್ತೆ ಅದು. ಗಾಡಿ ನಿಲ್ಲಿಸಬೇಡಿ, ಇಳಿಯಬೇಡಿ, ಫ್ಲ್ಯಾಶ್ ಹಾಕಬೇಡಿ. ಬಸ್ಸಿನ ಕಿಟಕಿಯಿಂದ ಕಣ್ಣಿಗೆ ಕಂಡಿದ್ದು ಸಾಕು. ಫೋಟೋ ಆಗದೆ ಉಳಿದ ಅಂಥ ಒಂದು ಚಿರತೆ, ಹತ್ತಿಪ್ಪತ್ತು ವರ್ಷವಾದರೂ, ನನ್ನ ತಲೆಯಲ್ಲಿ ಬಾಲ ಇಳಿಬಿಟ್ಟುಕೊಂಡು ಹಾಗೇ ಕೂತಿದೆ.

ಇನ್ನೊಂದು ಫೋಟೋದ ಬಗ್ಗೆ ಹೇಳಬೇಕು, ಇದುವರೆಗೆ ಯಾರಿಗೂ ತೋರಿಸಿಲ್ಲ. ಎಲ್ಲಿ ಅಂತ ಹೇಳುವುದಿಲ್ಲ. ಮರಿಗಳ ಜೊತೆ ಇದ್ದ ಹೆಣ್ಣುಹುಲಿ. ಗಾಡಿಯಲ್ಲಿದ್ದ ನಾವೆಲ್ಲ ಇನ್ನೂ ಹತ್ತಿರ, ಇನ್ನೂ ಹತ್ತಿರ ಅಂದೆವು. ನಾನೂ ಅಂದೆ. ಗಾಡಿ ಅದರ ಮತ್ತು ಮರಿಗಳ ನಡುವೆ ಹೋಗಿ ನಿಂತಿತು. ಅದು ತಲೆ ತಗ್ಗಿಸಿ ಕಿವಿ ತಿರುಗಿಸಿತು. ಹಿಂಬದಿಯ ಬಿಳಿ ಬೊಟ್ಟುಗಳು ಮುಂದಿನಿಂದಲೇ ಕಾಣಿಸಿದವು. ಗುರುಗುಟ್ಟಿದ್ದು ಸೀಟಿನಲ್ಲಿ ಕೂತಿದ್ದ ನಮ್ಮ ಎದೆಗೆ ತಾಗಿತು. ಫೋಟೋ ಚೆನ್ನಾಗಿಯೇ ಬಂದಿದೆ, ಮೀಸೆ ಒಂದೊಂದೂ ಎಣಿಸಬಹುದು. ಆದರೆ ಆ ಕಣ್ಣಲ್ಲಿ ಇರುವುದು ನಾವು ಮಾಡಿದ ತಪ್ಪು. ಅವತ್ತಿನಿಂದ ನಾನು ಕಣ್ಣಿಗಿಂತ ಮೊದಲು ಕಿವಿ ನೋಡುತ್ತೇನೆ. ಕಿವಿ ಹಾಗೆ ತಿರುಗಿದರೆ ಕ್ಯಾಮೆರಾ ಇಳಿಸಿ, ಗಾಡಿ ಹಿಂದೆ ತೆಗೆಯಲು ಹೇಳಿ. ಬಸ್ಸಿನಲ್ಲಿ ಉಳಿದವರು ಬೈದರೂ ಪರವಾಗಿಲ್ಲ.

ಆ ಮೂರನೇ ಫೋಟೋವನ್ನು ಅಳಿಸಬೇಡಿ. ತಾರೀಕು, ಜಾಗ ನಿಮ್ಮ ಪುಸ್ತಕದಲ್ಲಿ ಬರೆದಿಡಿ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಎಡಮಗ್ಗುಲಿನ ಪಟ್ಟೆಯೇ ಬೇರೆ, ಬಲಮಗ್ಗುಲಿನದೇ ಬೇರೆ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಪ್ರಾಣಿ ಹಾದುಹೋದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟಿ ಹುಲಿ ಎಣಿಸಿದ್ದು ಈ ಪಟ್ಟೆಗಳನ್ನು ನೋಡಿಯೇ. ಮುಂದಿನ ಸಲ ಎರಡೂ ಮಗ್ಗುಲು ಸಿಗುತ್ತದಾ ನೋಡಿ. ಒಂದೇ ಕಾಡಿಗೆ ಹೋಗುತ್ತಿದ್ದರೆ ಒಂದು ದಿನ ಗೊತ್ತಾಗುತ್ತದೆ, ಇದು ಅದೇ ಹುಲಿ ಅಂತ.

ಸದ್ಯಕ್ಕೆ ಕರಿ ಮೇಕೆಯ ಹತ್ತು ಫೋಟೋ ಕಳಿಸಿ. ರಾ ಫೈಲೇ ಕಳಿಸಿ, ತಿದ್ದಬೇಡಿ. ಸಂಜೆ ಆರರ ಮೇಲೆ ತೆಗೆದಿದ್ದೇ ಇರಲಿ.